ಒಂಬತ್ತನೇ ಡ್ರಾಯರಿನ ಅಜ್ಜ

ಸಂಗ್ರಹ ವಿಭಾಗ, ನೆಲಮಾಳಿಗೆ
ಮಾರ್ಚ್ ೧೯, ಬುಧವಾರ, ಊಟದ ಬಿಡುವು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಮಂಡಿಗೆ ಹಾಕುವ ಪಟ್ಟಿಯನ್ನು ಅತ್ತಿಗೆ ನಿನ್ನ ಬೂದು ಕೋಟಿನ ಒಳಜೇಬಿನಲ್ಲಿ ಇಟ್ಟಿದ್ದಾರಂತೆ, ಪೆಟ್ಟಿಗೆಯಲ್ಲೆಲ್ಲ ಹುಡುಕಿ ಅವರನ್ನು ಬೈದುಕೊಳ್ಳಬೇಡ. ಆ ದೂರದ ಊರಿನಲ್ಲಿ ಎಲ್ಲಿ ಹೋದರೂ ಮೆಟ್ಟಿಲೇ ಎಂದು ಹೇಳಿದ್ದೆಯಂತೆ, ನಿಧಾನವಾಗಿ ಹತ್ತು. ಎರಡು ಗಂಟೆ ನಿಂತೇ ಉಪನ್ಯಾಸ ಕೊಡುವ ಹಟ ಬೇಡ, ಒಂದು ಕುರ್ಚಿ ಹಾಕಿಸಿಕೋ. ಅತ್ತಿಗೆಯ ಕೆಮ್ಮು ಈಗ ವಾಸಿ. ಚಿಕ್ಕವಳು ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕವನ್ನು ಮುಖದ ಮೇಲೆ ಹಾಕಿಕೊಂಡು ಮಲಗುತ್ತಿದ್ದಾಳೆ. ನಿನ್ನ ಮಗಳು ತಾನೇ. ನನಗೇನೂ ಆಗಿಲ್ಲ. ನೆಲಮಾಳಿಗೆಯ ತೇವಕ್ಕೆ ಬೆರಳಿನ ಗಂಟುಗಳು ಹಿಡಿದುಕೊಳ್ಳುತ್ತವೆ, ಅದು ಇಪ್ಪತ್ತನಾಲ್ಕು ವರ್ಷದಿಂದ ಇರುವುದೇ.

ಫೋನಿನ ಕಾಲದಲ್ಲಿ ಇವಳೇಕೆ ಕಾಗದ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಹನ್ನೊಂದು ಸಲ ಫೋನು ಮಾಡಿದೆ ಅಣ್ಣಾ. ಮೊದಲ ಸಲ ನೀನು ಎತ್ತಿ ನಾಲ್ಕು ಮಾತಾಡಿದೆ, ಆಮೇಲಿನ ಹತ್ತಕ್ಕೂ ಉತ್ತರವಿಲ್ಲ. ಅತ್ತಿಗೆಯ ಫೋನಿನಿಂದ ಮಾಡಿದರೆ ಎತ್ತುತ್ತೀಯ ಎಂದು ಗೊತ್ತಿತ್ತು. ಆದರೆ ಹಾಗೆ ಮರೆಯಲ್ಲಿ ನಿಂತು ಮಾತಾಡುವಂಥ ತಪ್ಪು ನಾನೇನು ಮಾಡಿದ್ದೇನೆ ಅನಿಸಿ ಬಿಟ್ಟುಬಿಟ್ಟೆ. ನೀನು ಕಾಗದಕ್ಕೆ ಬೆಲೆ ಕೊಡುವವನು. ಬಸ್ ಟಿಕೆಟ್ಟನ್ನೂ ಹಿಂದೆಮುಂದೆ ಓದದೆ ಎಸೆಯುವವನಲ್ಲ. ಅದಕ್ಕೇ ಈ ಕಾಗದ. ನಮ್ಮ ವಿಶ್ವವಿದ್ಯಾಲಯ ವರ್ಣಭೇದವನ್ನು ಹೇಗೆ ಎದುರಿಸಿತು ಎಂದು ಮೂರು ತಿಂಗಳು ಅಲ್ಲಿ ಪಾಠ ಹೇಳಲು ನಿನ್ನನ್ನು ಕರೆಸಿಕೊಂಡಿದ್ದಾರಲ್ಲ, ನಡುವೆ ಬಿಡುವು ಮಾಡಿಕೊಂಡು ಇದನ್ನೂ ಓದು.

ಮೊದಲು ನಗುವ ಸುದ್ದಿ ಹೇಳುತ್ತೇನೆ. ಮುಂಬಾಗಿಲಿನ ದೊರೆಯ ಪ್ರತಿಮೆಯನ್ನು ಕಿತ್ತರು. ಅದೇ, ಈ ವಿಶ್ವವಿದ್ಯಾಲಯ ಕಟ್ಟಿಸಿದವನು, ನಮ್ಮ ಕಪ್ಪುಬಣ್ಣದವರ ತಲೆಗೆ ಅಳತೆಪಟ್ಟಿ ಹಿಡಿದು ಇವರಿಗೆ ಬುದ್ಧಿ ಇಷ್ಟೇ ಇರಲು ಸಾಧ್ಯ ಎಂದು ದಪ್ಪ ಪುಸ್ತಕ ಬರೆದವನು. ಅವನು ಮುಂಬಾಗಿಲಲ್ಲಿ ಇರಕೂಡದು ಎಂದು ನೀನು ಅಧ್ಯಕ್ಷನಾಗಿರುವ ಸಮಿತಿ ಬರೆಯಿತು. ಎಲ್ಲಿರಬೇಕು ಎಂದು ಬರೆಯುವುದನ್ನು ನೀವೆಲ್ಲ ಮರೆತಿರಿ. ಎಂಟು ಜನ ಕೂಲಿಯವರು ಹಗ್ಗ ಹಾಕಿ ಬೆಳಿಗ್ಗೆಯೆಲ್ಲ ಎಳೆದು, ಮೆಟ್ಟಿಲ ತಿರುವಿನಲ್ಲಿ ಅವನ ಮೂಗನ್ನು ಗೋಡೆಗೆ ತಾಗಿಸಿ, ನನ್ನ ಕೋಣೆಗೇ ತಂದು ನಿಲ್ಲಿಸಿದರು. ಗೋಡೆಯ ಮೇಲೆ ನಿಮ್ಮ ಭಿತ್ತಿಪತ್ರ ಇತ್ತು, 'ನಿರ್ವಸಾಹತೀಕರಣದತ್ತ ನಮ್ಮ ಹೆಜ್ಜೆ' ಎಂದು. ಕೂಲಿಯವರಲ್ಲಿ ಒಬ್ಬ ಆ ಪದ ಓದಲು ಹೊರಟು ಅರ್ಧಕ್ಕೇ ಬಿಟ್ಟು, "ಇದನ್ನ ಎತ್ತೋದಕ್ಕಿಂತ ದೊರೇನ ಎತ್ತೋದೇ ಸುಲಭ" ಅಂದ. ಕುಲಸಚಿವರು ಹಿಂದೆಯೇ ಬಂದು ಒಂದು ಹಳೇ ಚಾದರ ಹೊದಿಸಿ, "ಸದ್ಯಕ್ಕೆ ಇಲ್ಲೇ ಇರ್ಲಿ ಅಮ್ಮಾ, ನೀವಿದ್ದೀರಲ್ಲ" ಎಂದು ಹೇಳಿ ಹೋದರು. ಹೌದು, ನಾನಿದ್ದೇನೆ. ಮೇಲೆ ಯಾರಿಗೂ ಬೇಡವಾದದ್ದು ಇಳಿದು ಬರುವುದು ನನ್ನ ತಲೆಗೇ. ಈಗ ದೊರೆ ಚಾದರ ಹೊದ್ದು ನಿಂತಿದ್ದಾನೆ, ಅವನ ಎದುರಿಗೇ ಒಂಬತ್ತನೇ ಡ್ರಾಯರು, ಅದರಲ್ಲಿ ನಮ್ಮಜ್ಜ.

ಇನ್ನು ಮುಂದೆ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಗೊತ್ತಿಲ್ಲ ಎಂದು ಸಹಿ ಹಾಕಿದ್ದೀಯಲ್ಲ, ಅದಕ್ಕೆ. ಈ ಕಟ್ಟಡ ಏಳುವಾಗ ಅಜ್ಜ ಇಲ್ಲಿ ಕಲ್ಲು ಹೊರುತ್ತಿದ್ದ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಒಂದು ದಿನ ಮೇಸ್ತ್ರಿ ನಲವತ್ತಮೂರು ಜನರನ್ನು ಸಾಲು ನಿಲ್ಲಿಸಿ ದೊರೆಯ ಕೋಣೆಗೆ ಕಳಿಸಿದ. ಅಲ್ಲಿ ಬೆಂಚಿನ ಮೇಲೆ ಮಲಗಿಸಿ, ಮೂಗಿಗೆ ಎರಡು ಹುಲ್ಲಿನ ಕೊಳವೆ ಚುಚ್ಚಿ, ಮುಖದ ಮೇಲೆ ಪ್ಲಾಸ್ಟರು ಸುರಿದರು. ಅಲುಗಿದರೆ ಉಸಿರು ಹೋಗುತ್ತದೆ ಎಂದು ಹೆದರಿಸಿದ್ದರು. ಅದು ಗಟ್ಟಿಯಾಗುವ ತನಕ ಅಜ್ಜ ಬೆಂಚಿನ ಅಂಚನ್ನು ಹಿಡಿದುಕೊಂಡೇ ಇದ್ದನಂತೆ. ಕೀಳುವಾಗ ಎಡಹುಬ್ಬಿನ ಕೂದಲೂ ಕಿತ್ತು ಬಂತು. ಆಮೇಲೆ ಬಣ್ಣದ ಬಿಲ್ಲೆಗಳ ಸರ ಒಂದನ್ನು ಕೆನ್ನೆಗೆ ಹಿಡಿದು ಹಿಡಿದು ನೋಡಿ, ಒಂದು ನಂಬರು ಬರೆದುಕೊಂಡು ಕಳಿಸಿದರು. ಅಜ್ಜಿ ಈ ಕಥೆ ಹೇಳುವಾಗ ಮೊದಲು ನಗುತ್ತಿದ್ದಳು, ನೆನಪಿದೆಯಾ? "ನಿಮ್ಮ ಹುಬ್ಬೆಲ್ಲಿ ಅಂದೆ, ದೊರೆ ಇಟ್ಕೊಂಡ ಅಂದ್ರು." ಆಮೇಲೆ ಅದೇ ಬಾಯಲ್ಲಿ ಅಳುತ್ತಿದ್ದಳು. ಮುಂದಿನ ವರ್ಷ ಇದೇ ಕಟ್ಟಡದ ಸಾರವೆ ಕುಸಿದು ಅಜ್ಜ ಹೋಗಿಬಿಟ್ಟ. ಅಪ್ಪ ಆಗ ತೊಟ್ಟಿಲಲ್ಲಿದ್ದ. ಒಂದು ಫೋಟೋ ಇಲ್ಲ, ಒಂದು ಚಿತ್ರ ಇಲ್ಲ. ನಾನು ಇಲ್ಲಿಗೆ ಸೇರುವ ಮೊದಲೇ ತೀರಿಹೋದ ಅಪ್ಪ ತನ್ನ ಅಪ್ಪನ ಮುಖ ನೋಡಲೇ ಇಲ್ಲ. ಅಜ್ಜಿ ಅವನ ಬಲಗಿವಿಯ ಮೇಲಿನ ಮಡಿಕೆಯನ್ನು ಬೆರಳಲ್ಲಿ ಬಿಡಿಸುತ್ತಾ, "ಇದೊಂದು ಅವರದ್ದೇ" ಅನ್ನುತ್ತಿದ್ದಳು. ಎಲೆಯ ತುದಿ ಮಡಿಸಿದ ಹಾಗಿನ ಆ ಕಿವಿ ಅಜ್ಜನಿಗಿತ್ತು, ಅಪ್ಪನಿಗಿತ್ತು, ನಿನಗಿದೆ. ನನಗೆ ಮಾತ್ರ ತಪ್ಪಿಹೋಯಿತು.

ಅಜ್ಜನನ್ನು ಹುಡುಕಿದವಳು ನಾನು. ಕೆಲಸಕ್ಕೆ ಸೇರಿದ ಎರಡನೇ ತಿಂಗಳು, ಒಂಬತ್ತನೇ ಡ್ರಾಯರು ಒರೆಸುವಾಗ ಸಿಕ್ಕಿದ. ನಂಬರು ಇನ್ನೂರ ಹದಿನಾಲ್ಕು. ಪ್ಲಾಸ್ಟರಿನ ಎಡಹುಬ್ಬಿನಲ್ಲಿ ಒಂಬತ್ತು ಕೂದಲು ಇನ್ನೂ ಅಂಟಿಕೊಂಡಿದ್ದವು, ಬಲಗಿವಿ ಮಡಿಸಿತ್ತು. ಚೀಟಿಯಲ್ಲಿ 'ಕೂಲಿ, ಗಂಡು, ವಯಸ್ಸು ನಲವತ್ತು, ಬಣ್ಣ ೨೯' ಎಂದಿತ್ತು. ಇಪ್ಪತ್ತೆರಡರವನಿಗೆ ನಲವತ್ತು. ಸರಿಯಾಗಿ ಮುಖ ನೋಡಿದ್ದರೆ ತಾನೇ. ನೀನಾಗ ಇಲ್ಲಿ ಸಂಶೋಧನೆಗೆ ಸೇರಿದ್ದೆ. ಮರುದಿನ ಮಧ್ಯಾಹ್ನ ನಿನ್ನನ್ನು ಕದ್ದು ಇಳಿಸಿಕೊಂಡು ಬಂದೆ. ನೀನು ಅಜ್ಜನ ಕೆನ್ನೆಯ ಮೇಲೆ ಅಂಗೈ ಇಟ್ಟು ನಿಂತಿದ್ದೆ. "ಇವನನ್ನ ಮನೆಗೆ ಕರ್ಕೊಂಡು ಹೋಗೋದು ನನ್ನ ಜವಾಬ್ದಾರಿ. ನಾನೊಂದು ಜಾಗಕ್ಕೆ ಬರ್ಲಿ, ನೋಡ್ತಿರು" ಅಂದೆ. ಹೊಸ ಚೀಟಿಯಲ್ಲಿ ಅಜ್ಜನ ಹೆಸರು, ನಮ್ಮ ಸಂಬಂಧ ಬರೆಯುತ್ತೇನೆ ಎಂದು ನಾನು ಪೆನ್ಸಿಲ್ ತೆಗೆದೆ. ನೀನು ನನ್ನ ಕೈ ಹಿಡಿದೆ. "ಈಗ್ಲೇ ಬೇಡ ಕಣೇ. ನನ್ನ ಸಂದರ್ಶನ ಇದೆ. ನೆಲಮಾಳಿಗೆ ಮುಖದ ಮೊಮ್ಮಗ ಅಂತ ಗೊತ್ತಾದ್ರೆ ಬಾಗಿಲಲ್ಲೇ ಕಳಿಸ್ತಾರೆ." ನಾನು ವಯಸ್ಸು ತಿದ್ದಿ, ಕಲ್ಲು ಹೊರುವ ಕೆಲಸ ಎಂದು ಬರೆದು, ವಾರಸುದಾರರು ಎಂಬ ಜಾಗವನ್ನು ಖಾಲಿ ಬಿಟ್ಟೆ. ನಿನಗೋಸ್ಕರ ಖಾಲಿ ಬಿಟ್ಟೆ ಅಣ್ಣಾ. ಇಪ್ಪತ್ತನಾಲ್ಕು ವರ್ಷದಲ್ಲಿ ಈ ಕೋಣೆಯ ಎಂಟು ಸಾವಿರ ಚೀಟಿ ಬರೆದಿದ್ದೇನೆ, ನಾನು ಬೇಕೆಂದೇ ಖಾಲಿ ಬಿಟ್ಟದ್ದು ಅದೊಂದೇ.

ನಿನ್ನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಕೆಲಸ ಸಿಕ್ಕ ಮೊದಲ ದಿನ ಪ್ರೊಫೆಸರುಗಳ ಬಾಗಿಲಲ್ಲಿ ಕಾವಲಿನವನು ನಿನ್ನನ್ನು ತಡೆದು, ಸಾಮಾನು ತಂದವರು ಹಿಂಬಾಗಿಲಿಂದ ಬರಬೇಕು ಎಂದನಲ್ಲ. ಅವತ್ತಿನಿಂದ ಬಿರುಬೇಸಿಗೆಯಲ್ಲೂ ಕೋಟು ಹಾಕಿಕೊಂಡು ಬೆವರಿದೆ. ಸಭೆಗಳಲ್ಲಿ ನೀನು ಹೇಳಿದ ಮಾತನ್ನೇ ಹತ್ತು ನಿಮಿಷ ಬಿಟ್ಟು ಬೇರೆಯವರು ಹೇಳಿದರೆ ಎಲ್ಲರೂ ತಲೆದೂಗುತ್ತಿದ್ದರು ಎಂದು ಬಂದು ಹೇಳುತ್ತಿದ್ದೆ. ನಾವಿಬ್ಬರೂ ಡ್ರಾಯರುಗಳ ನಡುವೆ ಕೂತು ಬುತ್ತಿ ಬಿಚ್ಚಿ ಅವರನ್ನೆಲ್ಲ ಆಡಿಕೊಂಡು ನಗುತ್ತಿದ್ದೆವು. ನೀನು ಮೇಲಕ್ಕೆ ಹೋದ ಹಾಗೆಲ್ಲ ಇಳಿದು ಬರುವುದು ಕಮ್ಮಿಯಾಯಿತು. ಮಂಡಿನೋವು ಅಂದೆ. ನಾನೂ ನಂಬಿದೆ.

ಹೋದ ವರ್ಷ ಆ ಸಂಶೋಧನಾ ವಿದ್ಯಾರ್ಥಿನಿಯನ್ನು, ನಮ್ಮ ಬಣ್ಣದವಳನ್ನೇ, ಲೈಬ್ರರಿಯಲ್ಲಿ ಎಲ್ಲರೆದುರು ನಿಲ್ಲಿಸಿ ಚೀಲ ಸುರಿಸಿ ನೋಡಿದರಲ್ಲ, ಕಳುವಾಗಿದೆ ಎಂದ ಪುಸ್ತಕ ಮರುದಿನ ಅದೇ ಕಪಾಟಿನಲ್ಲಿ ಸಿಕ್ಕಿತಲ್ಲ, ಆಗ ಹುಡುಗರೆಲ್ಲ ಮೆಟ್ಟಿಲ ಮೇಲೆ ಕೂತರು. ಹತ್ತೊಂಬತ್ತು ದಿನ ಏಳಲಿಲ್ಲ. ಕುಲಪತಿಗಳು ಸಮಿತಿ ಮಾಡಿ ನಿನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ ದಿನ ನಾನು ಏನು ಮಾಡಿದೆ ಗೊತ್ತಾ? ಒಂಬತ್ತನೇ ಡ್ರಾಯರು ಎಳೆದು, "ಅಜ್ಜಾ, ನಿನ್ನ ಮೊಮ್ಮಗ ಬಂದ, ಎದ್ದು ರೆಡಿಯಾಗು" ಅಂದೆ. ಐವತ್ತರ ಹತ್ತಿರ ಬಂದ ಹೆಂಗಸು ಪ್ಲಾಸ್ಟರಿನ ಜೊತೆ ಮಾತಾಡಿದ್ದು ಯಾರಾದರೂ ನೋಡಿದ್ದರೆ ಆಸ್ಪತ್ರೆಗೆ ಸೇರಿಸುತ್ತಿದ್ದರು. ಅಜ್ಜನಿಗೆಂದು ಮನೆಯ ನಡುಕೋಣೆಯ ಗೋಡೆಯಲ್ಲಿ ಗೂಡು ಕೂಡ ಖಾಲಿ ಮಾಡಿಸಿದೆ. ಅತ್ತಿಗೆ ಏಕೆ ಎಂದು ಕೇಳಲಿಲ್ಲ, ಅವರಿಗೂ ಗೊತ್ತಿತ್ತು. ನಿಮ್ಮ ವರದಿಯ ಮುಖಪುಟಕ್ಕೆ ನನ್ನ ಫೋಟೋ ಬೇಕು ಎಂದಾಗಲೂ ಕುಣಿದುಕೊಂಡು ನಿಂತೆ. ಫೋಟೋದವನು, "ನಗಬೇಡಿ, ಸ್ವಲ್ಪ ದುಃಖದಲ್ಲಿ ನೋಡಿ" ಅಂದ. ಅವತ್ತು ದುಃಖ ಬರಲೇ ಇಲ್ಲ, ನಾಲ್ಕು ಸಲ ತೆಗೆಯಬೇಕಾಯಿತು. ಈಗ ಬಂದು ತೆಗೆದರೆ ಒಂದೇ ಸಲಕ್ಕೆ ಸಿಗುತ್ತದೆ.

ವರದಿ ಕೈಗೆ ಬಂದದ್ದು ಹೋದ ವಾರ, ಹೊಸ ಚೀಟಿಗಳ ಕೆಲಸದ ಜೊತೆ. ನಲವತ್ತಮೂರು ಮುಖಗಳನ್ನು ಮೇಲೆ ಶುರುವಾಗುವ ಹೊಸ ಕೇಂದ್ರದ ಹಜಾರದಲ್ಲಿ ಗಾಜಿನೊಳಗೆ ದೀಪ ಹಾಕಿ ಇಡುತ್ತಾರಂತೆ, 'ಕ್ಷಮೆಯ ಕೋಣೆ' ಎಂದು ಹೆಸರಂತೆ, ಮೂವತ್ತೊಂದನೇ ತಾರೀಖು ಉದ್ಘಾಟನೆಯಂತೆ. ಅರವತ್ತೊಂದನೇ ಪುಟದಲ್ಲಿ ನೋಡಿದೆ. 'ಮುಖದಚ್ಚುಗಳು, ನಲವತ್ತಮೂರು. ವಾರಸುದಾರರು ಯಾರೂ ಪತ್ತೆಯಾಗಿಲ್ಲ. ವಿಶ್ವವಿದ್ಯಾಲಯದ ಸ್ವತ್ತಾಗಿಯೇ ಶಾಶ್ವತವಾಗಿ ಉಳಿಸಿಕೊಳ್ಳತಕ್ಕದ್ದು.' ಕೆಳಗೆ ನಿನ್ನ ಸಹಿ, ಆ ಉದ್ದ ಬಾಲದ್ದು. ಟೈಪಿನ ತಪ್ಪಿರಬೇಕು ಎಂದುಕೊಂಡೆ. ದೇವರಾಣೆ, ಮೊದಲು ಹಾಗೇ ಅಂದುಕೊಂಡೆ. ಫೋನು ಮಾಡಿದೆ. ನೀನು ತಪ್ಪು ಎನ್ನಲಿಲ್ಲ. "ಸ್ವಲ್ಪ ತಾಳು. ಅಧ್ಯಕ್ಷ ಸ್ವಂತ ಕೆಲಸ ಮಾಡ್ಕೊಂಡ ಅಂತಾರೆ. ಒಂದು ಕೊಟ್ರೆ ನಲವತ್ಮೂರೂ ಕೊಡಬೇಕಾಗುತ್ತೆ, ಆಮೇಲೆ ಹೊಸ ಕೇಂದ್ರದಲ್ಲಿ ಇಡೋಕೆ ಏನಿರುತ್ತೆ? ಅಷ್ಟಕ್ಕೂ ಚೀಟೀಲಿ ವಾರಸುದಾರರು ಅಂತ ಏನೂ ಇಲ್ವಲ್ಲ, ಸಮಿತಿ ಚೀಟಿ ನೋಡಿ ತಾನೇ ಬರೆಯೋದು?" ನನ್ನ ಕೈಯಲ್ಲಿ ಖಾಲಿ ಬಿಡಿಸಿದವನು ಅದೇ ಖಾಲಿಯನ್ನು ನನಗೇ ತೋರಿಸಿದೆ. ಆ ಹೊಸ ಕೇಂದ್ರಕ್ಕೆ ನಿರ್ದೇಶಕ ಯಾರು ಎಂದು ನಾನು ಕೇಳಲಿಲ್ಲ. ಅರವತ್ತೆರಡನೇ ಪುಟದಲ್ಲಿ ನಿನ್ನ ಹೆಸರೇ ಇತ್ತು.

ಬೇಲಿಯೇ ಎದ್ದು ಹೊಲ ಮೇಯಿತು ಎನ್ನುವುದನ್ನು ಸಣ್ಣವಳಿದ್ದಾಗಿನಿಂದ ಕೇಳಿದ್ದೆ, ಬೇಲಿ ಅಣ್ಣನಾಗಿರುತ್ತಾನೆ ಎಂದು ಯಾರೂ ಹೇಳಿರಲಿಲ್ಲ. ದೊರೆಯ ಮೇಲೆ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಅವನಿಗೆ ಅಜ್ಜ ಯಾರೋ ಒಬ್ಬ ಕೂಲಿ, ಗೊತ್ತಿಲ್ಲದೆ 'ಕೂಲಿ' ಎಂದು ಬರೆದ. ನಿನಗೆ ಗೊತ್ತಿತ್ತು. ಅಂಗೈ ಇಟ್ಟು ನೋಡಿದ್ದೆ. ಗೊತ್ತಿದ್ದೂ ಬರೆದೆ. ದೊರೆ ಅಜ್ಜನ ಮುಖವನ್ನಷ್ಟೇ ತೆಗೆದುಕೊಂಡ, ನೀನು ಅವನಿಗೆ ಯಾರೂ ಇಲ್ಲ ಎಂದು ಮಾಡಿಬಿಟ್ಟೆ. ಹಾಗಾದರೆ ನಾನು ಯಾರು? ಅಪ್ಪ ಯಾರು? ಅವನ ಮಡಿಸಿದ ಕಿವಿ ಹಿಡಿದುಕೊಂಡು ಐವತ್ತು ವರ್ಷ ಬದುಕಿದ ಅಜ್ಜಿ ಯಾರು?

ಹೋದ ಶುಕ್ರವಾರ ಆ ಹುಡುಗಿ, ಚೀಲ ಸುರಿಸಿಕೊಂಡವಳು, ಇಳಿದು ಬಂದಿದ್ದಳು. ನಿನ್ನನ್ನು ಕಂಡರೆ ಅವಳಿಗೆ ದೇವರನ್ನು ಕಂಡ ಹಾಗೆ. ಮೇಷ್ಟ್ರು ಇಲ್ಲದಿದ್ದರೆ ನಾನು ಓದು ಬಿಟ್ಟು ಹೋಗುತ್ತಿದ್ದೆ ಅನ್ನುತ್ತಾಳೆ. ನಾನು ಚೀಟಿಗಳನ್ನು ಜೋಡಿಸುತ್ತಿದ್ದೆ. ಅವಳು ಅಜ್ಜನನ್ನೇ ನೋಡುತ್ತಾ, "ಇವರ ಕಡೆಯವರು ಒಬ್ಬರೂ ಇಲ್ವಾ ಅಕ್ಕಾ? ಎಷ್ಟು ಚಿಕ್ಕವರು ಕಾಣ್ತಾರೆ" ಅಂದಳು. ಎಂಬತ್ತು ವರ್ಷದಲ್ಲಿ ಅವನ ವಯಸ್ಸನ್ನು ನೋಡಿ ಹೇಳಿದವಳು ಅವಳೊಬ್ಬಳೇ. ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ನಿನ್ನ ಮಾನ ಹೋಗುತ್ತದೆ ಎಂದು ನುಂಗಿದೆ. "ಗೊತ್ತಿಲ್ಲಮ್ಮ" ಅಂದೆ. ಅಜ್ಜನ ಎದುರಿಗೇ ಅಂದೆ. ನೀನು ಒಂದು ಸಲ ಸಹಿ ಹಾಕಿದೆ, ನಾನು ಬಾಯಿಬಿಟ್ಟು ಹೇಳಿದೆ, ನಮ್ಮಿಬ್ಬರಲ್ಲಿ ಯಾರು ಹೆಚ್ಚು ಯಾರು ಕಮ್ಮಿ ಎಂದು ಎರಡು ದಿನ ಲೆಕ್ಕ ಹಾಕಿದೆ. ಅಲ್ಲಿಗೆ ನನಗೆ ನಿನ್ನ ಮೇಲಿನ ಮರ್ಯಾದೆಯೆಲ್ಲ ತೀರಿತು ಎಂದಲ್ಲ. ಇನ್ನೊಮ್ಮೆ ನುಂಗುವ ಶಕ್ತಿ ಇಲ್ಲ, ಅಷ್ಟೇ.

ನೀನು ಕೆಟ್ಟವನು ಎಂದು ಬರೆಯಲು ಕೈ ಬರುವುದಿಲ್ಲ. ಶಾಲೆಯಲ್ಲಿ ನನ್ನನ್ನು ಮಸಿಕುಡಿಕೆ ಎಂದವನ ಹಲ್ಲು ಮುರಿದು, ಹೆಡ್‌ಮಾಸ್ಟರ ಕೈಯಲ್ಲಿ ಏಟು ತಿಂದು, ದಾರಿಯುದ್ದಕ್ಕೂ ನನ್ನನ್ನೇ ಸಮಾಧಾನ ಮಾಡುತ್ತಾ ಬಂದವನು ನೀನು. ಆ ಅಣ್ಣ ಎಲ್ಲಿ ಹೋದ ಎಂದು ಕೇಳುತ್ತಿದ್ದೇನೆ. ಆ ಕೋಟಿನೊಳಗೇ ಎಲ್ಲೋ ಇರಬೇಕು.

ಹೊತ್ತಾಯಿತು, ಬಿಡುವು ಮುಗಿಯಿತು. ಅಲ್ಲಿ ಚಳಿ ಎಂದರು, ತಲೆಗೆ ಏನಾದರೂ ಸುತ್ತಿಕೋ. ಔಷಧಿ ತಪ್ಪಿಸಬೇಡ. ಮನೆಯ ಚಿಂತೆ ಬೇಡ, ಅತ್ತಿಗೆಯನ್ನೂ ಚಿಕ್ಕವಳನ್ನೂ ನಾನು ನೋಡಿಕೊಳ್ಳುತ್ತೇನೆ. ಅವರಿಗೆ ಇದ್ಯಾವುದನ್ನೂ ಹೇಳಿಲ್ಲ, ನೀನೇ ಹೇಳು. ಮೇಲೆ ಬೇಕಾದಷ್ಟು ಬೈದಿದ್ದೇನೆ, ಆದರೂ ನಿನ್ನ ಕಾಲಿಗೆ ನಮಸ್ಕಾರ.

ನಿನ್ನ ತಂಗಿ,
ಚೀಟಿ
(ನೀನಿಟ್ಟ ಹೆಸರೇ, ಈಗ ಇಡೀ ಕಟ್ಟಡವೇ ಹಾಗೆ ಕರೆಯುತ್ತದೆ)

ತಾ.ಕ.: ಗುಮಾಸ್ತರು ನಿನ್ನ ಸಹಿಗೆಂದು ವಾರವಾರ ಕಳಿಸುವ ಕಡತದ ಚೀಲದಲ್ಲೇ ಇದನ್ನು ಹಾಕುತ್ತಿದ್ದೇನೆ, ಅವರು ಬಾಗಿಲಲ್ಲಿ ನಿಂತು ಆತುರ ಮಾಡುತ್ತಿದ್ದಾರೆ. ಇದರ ಕೆಳಗೆ ಒಂದು ಅರ್ಜಿ ಇದೆ. ಇನ್ನೂರ ಹದಿನಾಲ್ಕನ್ನು ಮನೆಗೆ ಕೊಡಿ ಎಂದು. ವಾರಸುದಾರರು: ಮೊಮ್ಮಗಳು, ಸಂಗ್ರಹ ವಿಭಾಗ. ಮೊಮ್ಮಗ, ಸಮಿತಿಯ ಅಧ್ಯಕ್ಷರು. ಸಂಬಂಧಕ್ಕೆ ಪುರಾವೆ ಲಗತ್ತಿಸಿ ಎಂದಿತ್ತು. ನನ್ನ ಕಿವಿ ಉಪಯೋಗಕ್ಕೆ ಬರುವುದಿಲ್ಲವಲ್ಲ, ಅದಕ್ಕೆ ಅಜ್ಜನ ಬಲಗಿವಿಯ ಫೋಟೋ ಒಂದು, ನಿಮ್ಮ ವರದಿಯ ಮೂರನೇ ಪುಟದಲ್ಲಿ ನೀನು ಪಕ್ಕಕ್ಕೆ ತಿರುಗಿ ಕೂತಿರುವ ಫೋಟೋ ಒಂದು ಕತ್ತರಿಸಿ ಅಂಟಿಸಿದ್ದೇನೆ. ಸಾಕ್ಷಿಯ ಜಾಗದಲ್ಲಿ ಆ ಹುಡುಗಿಯ ಸಹಿ ಇದೆ. ಇವತ್ತು ಬೆಳಿಗ್ಗೆ ಅವಳಿಗೆ ಎಲ್ಲ ಹೇಳಿದೆ. ಅವಳು ಪೆನ್ನು ಕೇಳಿದಳು. ಅಜ್ಜನ ಹೊಸ ಚೀಟಿಯಲ್ಲೂ ಹೆಸರು, ಸಂಬಂಧ ಬರೆದು ಕಟ್ಟಿದ್ದೇನೆ, ಪೆನ್ಸಿಲಿನಲ್ಲಲ್ಲ, ಶಾಯಿಯಲ್ಲಿ. ನಮ್ಮ ವಿಭಾಗದ ನಿಯಮ ನಿನಗೆ ಗೊತ್ತು, ಕಟ್ಟಿದ ಚೀಟಿಯನ್ನು ಯಾರೂ ಕೀಳುವಂತಿಲ್ಲ, ಬೇಕಾದರೆ ಅದರ ಮೇಲೆ ಇನ್ನೊಂದು ಕಟ್ಟಬಹುದು. ಅರ್ಜಿಯ ಕೊನೆಯಲ್ಲಿ ಎರಡು ಚೌಕ ಇವೆ, 'ವಾರಸುದಾರರು ಹೌದು', 'ವಾರಸುದಾರರು ಅಲ್ಲ'. ಕೆಳಗೆ ಅಧ್ಯಕ್ಷರ ಸಹಿ. ಗುರುತು ಹಾಕುವ ಮುಂಚೆ ಒಂದು ಸಲ ನಿನ್ನ ಬಲಗಿವಿ ಮುಟ್ಟಿ ನೋಡಿಕೋ. ಗೂಡು ಒರೆಸಿ ಇಟ್ಟಿದ್ದೇನೆ.